ಎರಡು ಅನುಮಾನಗಳ ನಡುವೆ ಬದುಕಿದ ಬಿಷಪ್: ಡೋರ್ನಕಲ್‌ನ ಅಜರಯ್ಯ

ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಸೇಂಟ್ ಮಾರ್ಕ್ಸ್ ಕ್ಯಾಥೆಡ್ರಲ್, ಹಡ್ಸನ್ ವೃತ್ತದ ಹಡ್ಸನ್ ಸ್ಮಾರಕ ಚರ್ಚ್, ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚ್. ಈ ಮೂರನ್ನೂ ನಗರದ ಜನ ಇಂದು ಸಿ.ಎಸ್.ಐ. ಚರ್ಚುಗಳೆಂದೇ ಗುರುತಿಸುತ್ತಾರೆ. ಆದರೆ ಸ್ವಾತಂತ್ರ್ಯಕ್ಕೆ ಮೊದಲು ಇವು ಮೂರು ಬೇರೆ ಬೇರೆ ಮನೆಗಳಾಗಿದ್ದವು. ಮೊದಲನೆಯದು ಇಂಗ್ಲೆಂಡಿನ ಆಂಗ್ಲಿಕನ್ ಸಭೆಯದು, ಎರಡನೆಯದು ವೆಸ್ಲಿಯನ್ ಮೆಥಡಿಸ್ಟರದು, ಮೂರನೆಯದು ಲಂಡನ್ ಮಿಷನ್ನಿನದು. ಮೆಥಡಿಸ್ಟ್ ಪಾದ್ರಿಯೊಬ್ಬರು ಆಂಗ್ಲಿಕನ್ ಚರ್ಚಿನಲ್ಲಿ ಪ್ರಭು ಭೋಜನದ ಸಂಸ್ಕಾರ ನಡೆಸುವಂತಿರಲಿಲ್ಲ. ಯೂರೋಪಿನಲ್ಲಿ ಹುಟ್ಟಿದ ಜಗಳಗಳು ಹಡಗೇರಿ ಬಂದು ಇಲ್ಲಿಯೂ ಗೋಡೆಗಳಾಗಿ ನಿಂತಿದ್ದವು.

ಆ ಗೋಡೆಗಳನ್ನು ತೆಗೆಯಲು ಕಾಲು ಶತಮಾನ ಕಾಲ ದುಡಿದವರಲ್ಲಿ ಅಗ್ರಗಣ್ಯರು ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ. 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದ ಅವರು, 1945ರ ಜನವರಿ 1ರಂದು ತೀರಿಕೊಳ್ಳುವವರೆಗೂ ಆ ಸಭೆಯಲ್ಲಿ ಧರ್ಮಪ್ರಾಂತ್ಯವೊಂದರ ಆಡಳಿತ ನಡೆಸಿದ ಏಕೈಕ ಭಾರತೀಯರಾಗಿ ಉಳಿದರು. ಮೂವತ್ತೆರಡು ವರ್ಷಗಳ ಅವಧಿಯಲ್ಲಿ ಎರಡನೆಯ ಧರ್ಮಪ್ರಾಂತ್ಯ ಯಾವ ಭಾರತೀಯನ ಕೈಗೂ ಬರಲಿಲ್ಲ ಎಂಬ ಸಂಗತಿಯೇ ಆ ಕಾಲದ ಸಭೆಯ ಮನಸ್ಸನ್ನು ತಿಳಿಸುತ್ತದೆ.

ಅಜರಯ್ಯನವರ ಬದುಕು ಎರಡು ಅನುಮಾನಗಳ ನಡುವೆ ಸಾಗಿತು. ಭಾರತೀಯನೊಬ್ಬ ಸಭೆಯನ್ನು ಆಳಬಲ್ಲನೇ ಎಂಬುದು ಬಿಳಿಯ ಮಿಷನರಿಗಳ ಅನುಮಾನ. ಕ್ರೈಸ್ತನೊಬ್ಬ ನಿಜವಾದ ಭಾರತೀಯನಾಗಿ ಉಳಿಯಬಲ್ಲನೇ ಎಂಬುದು ರಾಷ್ಟ್ರೀಯವಾದಿಗಳ ಅನುಮಾನ. ಎರಡಕ್ಕೂ ಅವರು ಉತ್ತರ ಹುಡುಕಿದ್ದು ನಿಜಾಮರ ರಾಜ್ಯದ ಒಂದು ಸಣ್ಣ ರೈಲ್ವೆ ಊರಿನಲ್ಲಿ, ಊರ ಹೊರಗಿನ ಕೇರಿಗಳ ಜನರ ನಡುವೆ.

ತಾಳೆಮರಗಳ ಸೀಮೆಯಿಂದ

ಅಜರಯ್ಯ ಹುಟ್ಟಿದ್ದು 1874ರ ಆಗಸ್ಟ್ 17ರಂದು, ಅಂದಿನ ತಿರುನೆಲ್ವೇಲಿ ಜಿಲ್ಲೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ. ಈ ಊರು ಈಗ ತಮಿಳುನಾಡಿನ ತೂತ್ತುಕುಡಿ ಜಿಲ್ಲೆಗೆ ಸೇರಿದೆ. ತಂದೆ ಥಾಮಸ್ ವೇದನಾಯಗಂ ಹಳ್ಳಿಯ ಪಾದ್ರಿ. ಅವರ ಹುಟ್ಟುಹೆಸರು ವೇಲಾಯುಧಂ. ಮಿಷನ್ ಶಾಲೆಯಲ್ಲಿ ಓದಿ, 1839ರಲ್ಲಿ ಕ್ರೈಸ್ತರಾದವರು. ಕುಟುಂಬ ನಾಡಾರ್ ಸಮುದಾಯದ್ದು. ತಾಳೆಮರ ಹತ್ತಿ ರಸ ಇಳಿಸುವ ಕಸುಬಿನಿಂದ ಗುರುತಿಸಲ್ಪಡುತ್ತಿದ್ದ ಈ ಸಮುದಾಯವನ್ನು ಆಗ ಶಾಣಾರ್ ಎಂದು ಕರೆದು ಕೀಳಾಗಿ ಕಾಣುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಶಿಕ್ಷಣ, ವ್ಯಾಪಾರ ಮತ್ತು ಮಿಷನ್ ಸಂಪರ್ಕದ ಬಲದಿಂದ ಅದು ಮೇಲೇಳುತ್ತಿದ್ದ ಹೊತ್ತು ಅದು.

ಮದುವೆಯಾಗಿ ಹದಿಮೂರು ವರ್ಷ ಮಕ್ಕಳಿಲ್ಲದೆ ಕೊರಗಿದ್ದ ತಾಯಿ ಎಲೆನ್, ಬೈಬಲ್ಲಿನ ಹನ್ನಳಂತೆ ಪ್ರಾರ್ಥಿಸಿ ಪಡೆದ ಮಗನೆಂದು ಅವನಿಗೆ ಸ್ಯಾಮ್ಯುಯೆಲ್ ಎಂದು ಹೆಸರಿಟ್ಟರು. ಬಾಲಕನಿಗೆ ಇನ್ನೂ ಹದಿನೈದು ತುಂಬುವ ಹೊತ್ತಿಗೆ, 1889ರಲ್ಲಿ, ತಂದೆ ತೀರಿಕೊಂಡರು. ಮುಂದಿನ ಬೆಳವಣಿಗೆಗೆಲ್ಲ ತಾಯಿಯ ಕಟ್ಟುನಿಟ್ಟೇ ಆಸರೆಯಾಯಿತು.

ಮಿಷನ್ ಶಾಲೆಗಳಲ್ಲಿ ಓದು ಮುಗಿಸಿದ ಅಜರಯ್ಯ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಸೇರಿ ಗಣಿತ ಅಭ್ಯಾಸ ಮಾಡಿದರು. ಅಂತಿಮ ಪರೀಕ್ಷೆಯ ವೇಳೆಗೆ ಕಾಯಿಲೆ ಬಿದ್ದ ಕಾರಣ ಪದವಿ ಕೈತಪ್ಪಿತು. ಮತ್ತೆ ಪರೀಕ್ಷೆಗೆ ಕೂರುವ ಗೋಜಿಗೆ ಅವರು ಹೋಗಲಿಲ್ಲ. ಪದವಿಯಿಲ್ಲದ ಇದೇ ವ್ಯಕ್ತಿಗೆ 1920ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು.

1898ರಲ್ಲಿ ಅವರು ಅನ್ಬು ಮರಿಯಮ್ಮಾಳ್ ಅವರನ್ನು ವರದಕ್ಷಿಣೆಯಿಲ್ಲದೆ ಮದುವೆಯಾದರು. ದಕ್ಷಿಣ ಭಾರತದಲ್ಲಿ ಕಾಲೇಜು ಮೆಟ್ಟಿಲೇರಿದ ಮೊದಲ ಕ್ರೈಸ್ತ ಮಹಿಳೆಯರಲ್ಲಿ ಅನ್ಬು ಒಬ್ಬರು. ನಾಲ್ವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳ ಈ ಸಂಸಾರದ ಜೊತೆಗೆ ಪತಿಯ ಸಾರ್ವಜನಿಕ ಕೆಲಸದ ಅರ್ಧ ಭಾರವನ್ನೂ ಅವರು ಹೊತ್ತರು. ಮುಂದೆ ಡೋರ್ನಕಲ್‌ನಲ್ಲಿ ಹಳ್ಳಿಯ ಹೆಂಗಸರನ್ನು ಸಂಘಟಿಸಿದವರು, ಹೆಣ್ಣುಮಕ್ಕಳ ಶಿಕ್ಷಣಕ್ಕೆ ನಿಂತವರು ಅವರೇ.

ಸ್ವದೇಶಿ ಮಿಷನ್

1895ರಲ್ಲಿ ಅಜರಯ್ಯ ವೈ.ಎಂ.ಸಿ.ಎ. ಸಂಸ್ಥೆಯ ಕಾರ್ಯದರ್ಶಿಯಾಗಿ ಕೆಲಸಕ್ಕೆ ಸೇರಿದರು. ಮರುವರ್ಷ ಅಮೆರಿಕದಿಂದ ಷೆರ್ವುಡ್ ಎಡ್ಡಿ ಎಂಬ ತರುಣ ಅದೇ ಸಂಸ್ಥೆಯ ಕೆಲಸಕ್ಕೆ ಬಂದರು. ಇಬ್ಬರೂ ಊರೂರು ಸುತ್ತಿದರು, ಒಟ್ಟಿಗೆ ಉಂಡರು, ಒಟ್ಟಿಗೆ ಪ್ರಾರ್ಥಿಸಿದರು. ಬಿಳಿಯನೊಬ್ಬ ಕಪ್ಪು ಮೈಯವನ ಜೊತೆ ಸರಿಸಮನಾಗಿ ಬದುಕಬಲ್ಲ ಎಂಬುದನ್ನು ಅಜರಯ್ಯ ಈ ಸ್ನೇಹದಿಂದ ಕಂಡುಕೊಂಡರು. ಬೇರೆ ಮಿಷನರಿಗಳ ನಡವಳಿಕೆ ಅವರಿಗೆ ಅಷ್ಟು ಚುಚ್ಚಿದ್ದಕ್ಕೂ ಈ ಅನುಭವವೇ ಕಾರಣವಿದ್ದೀತು.

1902ರಲ್ಲಿ ಶ್ರೀಲಂಕಾದ ಜಾಫ್ನಾಕ್ಕೆ ಹೋದಾಗ, ಅಲ್ಲಿನ ತಮಿಳು ಕ್ರೈಸ್ತರು ತಮ್ಮದೇ ದುಡ್ಡಿನಿಂದ ಧರ್ಮಪ್ರಚಾರ ನಡೆಸುತ್ತಿದ್ದುದನ್ನು ಅವರು ನೋಡಿದರು. ಅಷ್ಟು ದೊಡ್ಡ ತಿರುನೆಲ್ವೇಲಿ ಸಭೆ ಮಾತ್ರ ವಿದೇಶಿ ಹಣ ಮತ್ತು ವಿದೇಶಿ ಜನರನ್ನೇ ಕಾಯುತ್ತಾ ಕೂತಿದೆಯಲ್ಲ ಎಂಬ ಯೋಚನೆ ಅವರನ್ನು ಬಿಡಲಿಲ್ಲ. 1903ರ ಫೆಬ್ರುವರಿಯಲ್ಲಿ ತಿರುನೆಲ್ವೇಲಿಯ ಇಂಡಿಯನ್ ಮಿಷನರಿ ಸೊಸೈಟಿ ಹುಟ್ಟಿತು. ಭಾರತೀಯರ ಹಣ, ಭಾರತೀಯರ ದುಡಿಮೆ, ಭಾರತೀಯರ ಆಡಳಿತ ಎಂಬುದೇ ಅದರ ನೇಮ. ಎರಡು ವರ್ಷಗಳ ಬಳಿಕ, 1905ರ ಡಿಸೆಂಬರ್ 25ರಂದು, ಬಂಗಾಳದ ಸೆರಾಂಪುರದಲ್ಲಿ ನ್ಯಾಷನಲ್ ಮಿಷನರಿ ಸೊಸೈಟಿ ಸ್ಥಾಪನೆಯಾಯಿತು. ಅದರಲ್ಲಿಯೂ ಅಜರಯ್ಯ ಮತ್ತು ಅವರ ಗೆಳೆಯ ಕೆ.ಟಿ. ಪಾಲ್ ಮುಂಚೂಣಿಯಲ್ಲಿದ್ದರು. ಬಂಗಾಳ ವಿಭಜನೆಯ ವಿರುದ್ಧ ಸ್ವದೇಶಿ ಚಳವಳಿ ಭುಗಿಲೆದ್ದ ವರ್ಷವೇ ಅದು. ಸ್ವಾವಲಂಬನೆಯ ಗಾಳಿ ಚರ್ಚಿನ ಒಳಗೂ ಬೀಸಿತ್ತು.

ತಿರುನೆಲ್ವೇಲಿಯ ಹೊಸ ಸೊಸೈಟಿ ತನ್ನ ಕಾರ್ಯಕ್ಷೇತ್ರವಾಗಿ ಆರಿಸಿಕೊಂಡದ್ದು ನಿಜಾಮರ ಹೈದರಾಬಾದ್ ಸಂಸ್ಥಾನದ ಡೋರ್ನಕಲ್ ಭಾಗವನ್ನು. ಸಂಘಟನೆ ಕಟ್ಟಿ ಇತರರನ್ನು ಕಳುಹಿಸುತ್ತಾ ತಾನು ಮದ್ರಾಸಿನಲ್ಲಿ ಉಳಿಯುವುದು ಸರಿಯಲ್ಲ ಎಂದು ಅಜರಯ್ಯನವರಿಗೆ ಅನ್ನಿಸಿತು. 1909ರಲ್ಲಿ ಪಾದ್ರಿ ದೀಕ್ಷೆ ಪಡೆದು, ಹೆಂಡತಿ ಮಕ್ಕಳೊಂದಿಗೆ ಡೋರ್ನಕಲ್‌ಗೆ ಹೊರಟರು. ಭಾಷೆ ತೆಲುಗು, ಅದನ್ನು ಮೂವತ್ತೈದರ ವಯಸ್ಸಿನಲ್ಲಿ ಅಕ್ಷರದಿಂದ ಕಲಿಯಬೇಕಾಯಿತು. ತಮಿಳು ಮಾತಿನ ಮನುಷ್ಯನಿಗೆ ಅದೂ ಪರನಾಡೇ.

ಎಡಿನ್‌ಬರೋದ ಭಾಷಣ

1910ರ ಜೂನ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜಾಗತಿಕ ಮಿಷನರಿ ಸಮ್ಮೇಳನ ನಡೆಯಿತು. ಸುಮಾರು 1,200 ಪ್ರತಿನಿಧಿಗಳಲ್ಲಿ ಏಷ್ಯಾದವರ ಸಂಖ್ಯೆ ಇಪ್ಪತ್ತನ್ನೂ ಮುಟ್ಟಿರಲಿಲ್ಲ. ವಿದೇಶಿ ಮತ್ತು ದೇಶೀಯ ಕಾರ್ಯಕರ್ತರ ನಡುವಿನ ಸಹಕಾರದ ಬಗ್ಗೆ ಮಾತನಾಡಲು ಅಜರಯ್ಯನವರಿಗೆ ಅವಕಾಶ ಸಿಕ್ಕಿತು.

ಅವರು ಸೌಜನ್ಯದ ಮಾತುಗಳಲ್ಲಿ ಕಾಲ ಕಳೆಯಲಿಲ್ಲ. ಭಾರತದಲ್ಲಿ ಮಿಷನರಿಗೂ ಅವನ ಕೈಕೆಳಗಿನ ಭಾರತೀಯನಿಗೂ ಇರುವ ಸಂಬಂಧ ಯಜಮಾನ ಮತ್ತು ನೌಕರನದೇ ಹೊರತು ಗೆಳೆತನದ್ದಲ್ಲ ಎಂದು ನೇರವಾಗಿ ಹೇಳಿದರು. ವರ್ಷಗಟ್ಟಲೆ ಜೊತೆಯಲ್ಲಿ ದುಡಿದ ಭಾರತೀಯ ಪಾದ್ರಿಯ ಮನೆಗೆ ಒಮ್ಮೆಯೂ ಕಾಲಿಡದ, ಅವನನ್ನು ತಮ್ಮ ಮನೆಯ ಊಟದ ಮೇಜಿಗೆ ಕರೆಯದ ಮಿಷನರಿಗಳಿದ್ದಾರೆ ಎಂಬುದನ್ನು ಸಭೆಯ ಮುಂದಿಟ್ಟರು. ಮಿಷನರಿಗಳ ತ್ಯಾಗ, ದಾನ, ಪರಿಶ್ರಮ ಯಾವುದನ್ನೂ ಅವರು ಅಲ್ಲಗಳೆಯಲಿಲ್ಲ. ಆದರೆ ಭಾರತದ ಸಭೆಗೆ ಬೇಕಾಗಿರುವುದು ಆ ಎಲ್ಲಕ್ಕಿಂತ ಮಿಗಿಲಾಗಿ ಸ್ನೇಹ ಎಂದು ಬೇಡಿಕೆ ಸಲ್ಲಿಸಿ ಮಾತು ಮುಗಿಸಿದರು.

ಸಭಾಂಗಣದಲ್ಲಿ ಕೆಲವರು ಚಪ್ಪಾಳೆ ತಟ್ಟಿದರು, ಹಲವರು ಕುರ್ಚಿಯಲ್ಲಿ ಮಿಸುಕಾಡಿದರು. ಭಾರತದಿಂದ ಹೋಗಿದ್ದ ಮಿಷನರಿಗಳಲ್ಲಿ ಅನೇಕರಿಗೆ ಸಿಟ್ಟು ಬಂದಿತು. ಊಟದ ಮೇಜಿನಂಥ ಸಣ್ಣ ವಿಷಯವನ್ನು ಅಷ್ಟು ದೊಡ್ಡ ವೇದಿಕೆಗೆ ತಂದದ್ದು ಸರಿಯೇ ಎಂದು ಅವರು ಕೇಳಿದರು. ಜೊತೆಗೆ ಊಟ ಮಾಡುವುದು ಎಷ್ಟು ದೊಡ್ಡ ವಿಷಯ ಎಂಬುದು ಜಾತಿಯ ನಾಡಿನಲ್ಲಿ ಬೆಳೆದವರಿಗೆ ಗೊತ್ತಿತ್ತು. ಆ ಸಮ್ಮೇಳನದ ಸಾವಿರಾರು ಪುಟಗಳ ವರದಿಗಳು ಗ್ರಂಥಾಲಯಗಳಲ್ಲಿ ಕುಳಿತಿವೆ. ಜನರ ನೆನಪಿನಲ್ಲಿ ಮುಖ್ಯವಾಗಿ ಉಳಿದದ್ದು ಈ ಭಾಷಣ.

ಒಂದು ಪ್ರಯೋಗ, ಹಲವು ಆಕ್ಷೇಪ

ಅಜರಯ್ಯನವರನ್ನು ಬಿಷಪ್ ಮಾಡಬೇಕೆಂದು ಹಟ ಹಿಡಿದವರು ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್. ತತ್ತ್ವಜ್ಞಾನಿ ಆಲ್ಫ್ರೆಡ್ ನಾರ್ತ್ ವೈಟ್‌ಹೆಡ್ ಅವರ ಅಣ್ಣನಾದ ಇವರ ಹೆಸರು ಕನ್ನಡದ ಸಂಶೋಧಕರಿಗೂ ಪರಿಚಿತ. ದಕ್ಷಿಣ ಭಾರತದ ಗ್ರಾಮದೇವತೆಗಳ ಬಗ್ಗೆ ಅವರು ಬರೆದ ಪುಸ್ತಕದಲ್ಲಿ ಕನ್ನಡ ಸೀಮೆಯ ಮಾರಿ, ಅಮ್ಮಂದಿರ ಪೂಜಾವಿಧಿಗಳ ವಿವರಗಳಿವೆ. ಬೆಂಗಳೂರಿನ ಆಂಗ್ಲಿಕನ್ ಚರ್ಚುಗಳು ಕೂಡ ಆಗ ಮದ್ರಾಸ್ ಧರ್ಮಪ್ರಾಂತ್ಯದ ಆಡಳಿತದಲ್ಲಿಯೇ ಇದ್ದವು.

ವೈಟ್‌ಹೆಡ್ ಅವರ ಪ್ರಸ್ತಾಪಕ್ಕೆ ಎಲ್ಲ ಕಡೆಯಿಂದಲೂ ಅಡ್ಡಿಗಳು ಬಂದವು. ಬಿಳಿಯ ಪಾದ್ರಿಗಳು ಭಾರತೀಯ ಬಿಷಪ್ಪರ ಅಧೀನದಲ್ಲಿ ದುಡಿಯಬೇಕೇ ಎಂಬುದು ಮೊದಲ ಆಕ್ಷೇಪ. ಆಂಗ್ಲಿಕನ್ ಸಭೆ ಬ್ರಿಟಿಷ್ ರಾಜಸತ್ತೆಯೊಂದಿಗೆ ಕಾನೂನಿನ ಮೂಲಕ ಬೆಸೆದುಕೊಂಡಿದ್ದ ಕಾಲವಾದುದರಿಂದ ಸರ್ಕಾರದ ಒಪ್ಪಿಗೆಯ ಪ್ರಶ್ನೆಯೂ ಎದ್ದಿತು. ಮೇಲ್ಜಾತಿ ಮೂಲದ ತಮಿಳು ಕ್ರೈಸ್ತರಲ್ಲಿ ಕೆಲವರಿಗೆ ನಾಡಾರ್ ಮನೆತನದವನೊಬ್ಬ ಬಿಷಪ್ ಆಗುವುದು ಸಹಿಸದಾಯಿತು.

ಹಿಂದಿನ ಒಂದು ಕಹಿ ನೆನಪೂ ಎದುರಿಗಿತ್ತು. ಗುಲಾಮಗಿರಿಯಿಂದ ಪಾರಾಗಿ ಬಂದ ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್ 1864ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಆಫ್ರಿಕನ್ ಬಿಷಪ್ ಆಗಿದ್ದರು. ಪಶ್ಚಿಮ ಆಫ್ರಿಕದ ನೈಜರ್ ನದಿಯ ಸೀಮೆಯಲ್ಲಿ ಅವರು ಕಟ್ಟಿದ ಕೆಲಸವನ್ನು ಕೊನೆಗಾಲದಲ್ಲಿ ತರುಣ ಬಿಳಿಯ ಮಿಷನರಿಗಳು ಅವಮಾನಕರವಾಗಿ ಪ್ರಶ್ನಿಸಿದರು. 1891ರಲ್ಲಿ ಕ್ರೌಥರ್ ತೀರಿಕೊಂಡ ಮೇಲೆ ಆ ಸ್ಥಾನಕ್ಕೆ ಯೂರೋಪಿಯನ್ನರನ್ನೇ ತರಲಾಯಿತು. ಅಜರಯ್ಯ ಎಡವಿದರೆ ಭಾರತದಲ್ಲಿಯೂ ಬಾಗಿಲು ದೀರ್ಘಕಾಲ ಮುಚ್ಚುವುದು ಖಚಿತವಿತ್ತು. ಒಬ್ಬ ಮನುಷ್ಯನ ನಡತೆಯ ಮೇಲೆ ಇಡೀ ಜನಾಂಗದ ಯೋಗ್ಯತೆಯನ್ನು ಅಳೆಯುವ ಈ ಭಾರವನ್ನು ಅವರು ಕೊನೆಯವರೆಗೂ ಹೊತ್ತರು.

1912ರ ಡಿಸೆಂಬರ್ 29ರಂದು ಕಲ್ಕತ್ತದ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನಲ್ಲಿ ಅವರಿಗೆ ಬಿಷಪ್ ದೀಕ್ಷೆ ನೀಡಲಾಯಿತು. ಆಗ ಅವರ ವಯಸ್ಸು 38. ಬಿಳಿಯ ಪಾದ್ರಿಗಳು ಕಡಿಮೆಯಿದ್ದ ಡೋರ್ನಕಲ್ ಅನ್ನು ಅವರಿಗೆ ವಹಿಸಿದ್ದರಿಂದ ವಿರೋಧದ ಬಿಸಿ ಸ್ವಲ್ಪ ತಗ್ಗಿತ್ತು. 1920ರ ದಶಕದಲ್ಲಿ ಕೃಷ್ಣಾ ಜಿಲ್ಲೆಯ ಹಳೆಯ ಮಿಷನ್ ಪ್ರದೇಶಗಳೂ ಸೇರಿ ಧರ್ಮಪ್ರಾಂತ್ಯ ವಿಸ್ತಾರಗೊಂಡಾಗ ಇಂಗ್ಲಿಷ್ ಪಾದ್ರಿಗಳೂ ಅವರ ಆಡಳಿತದಡಿ ಬಂದರು. ಅನುಮಾನಪಟ್ಟವರು ಹೆದರಿದಂತೆ ಯಾವ ಅನಾಹುತವೂ ಸಂಭವಿಸಲಿಲ್ಲ.

ಕೇರಿಗಳ ಸಭೆ

ಡೋರ್ನಕಲ್ ಇಂದಿನ ತೆಲಂಗಾಣದ ಮಹಬೂಬಾಬಾದ್ ಜಿಲ್ಲೆಯಲ್ಲಿದೆ. ಕಾಜಿಪೇಟೆಯಿಂದ ವಿಜಯವಾಡಕ್ಕೆ ಹೋಗುವ ರೈಲುಮಾರ್ಗದಿಂದ ಸಿಂಗರೇಣಿ ಕಲ್ಲಿದ್ದಲ ಸೀಮೆಗೆ ಕವಲೊಡೆಯುವ ಜಂಕ್ಷನ್ ಅದು. ಈ ಊರನ್ನು ಕೇಂದ್ರವಾಗಿಟ್ಟುಕೊಂಡು ಅಜರಯ್ಯ ದಂಪತಿ ಎತ್ತಿನ ಗಾಡಿಯಲ್ಲಿ, ಸೈಕಲ್ಲಿನಲ್ಲಿ, ನಡೆದು ಹಳ್ಳಿಗಳನ್ನು ಸುತ್ತಿದರು.

ಅವರ ಬಳಿಗೆ ಬಂದವರಲ್ಲಿ ಬಹುಪಾಲು ಮಾಲ ಮತ್ತು ಮಾದಿಗ ಸಮುದಾಯಗಳ ಜನ. ನಮ್ಮ ಹೊಲಗೇರಿ, ಮಾದಿಗರ ಕೇರಿಗಳಂತೆಯೇ ಊರ ಹೊರಗೆ ಬದುಕಿದವರು. ಜೀತಕ್ಕೆ ಬಿದ್ದವರು, ಊರಬಾವಿಯ ನೀರು ಮುಟ್ಟಲಾಗದವರು. ಇವರು ಒಬ್ಬೊಬ್ಬರಾಗಿ ಬರಲಿಲ್ಲ. ಕುಲದ ಹಿರಿಯರು ಕೂತು ಮಾತನಾಡಿ, ಕೇರಿಗೆ ಕೇರಿಯೇ ಒಟ್ಟಾಗಿ ತೀರ್ಮಾನಿಸಿ ಬಂದವು. ಅಂಥವರಿಗೆ ಅವಸರದಲ್ಲಿ ದೀಕ್ಷಾಸ್ನಾನ ಕೊಡುವುದನ್ನು ಅಜರಯ್ಯ ಒಪ್ಪುತ್ತಿರಲಿಲ್ಲ. ಮೊದಲು ಶಿಕ್ಷಣ, ಬಳಿಕ ಸಂಸ್ಕಾರ ಎಂಬುದು ಅವರ ಪದ್ಧತಿ. ಸಾಲ, ಹೆಂಡ, ರೋಗ ಮತ್ತು ಕೊಳಕು ಈ ನಾಲ್ಕನ್ನು ಜನರ ಬೆನ್ನಿಗಂಟಿದ ಪಿಶಾಚಿಗಳೆಂದು ಅವರು ಬಗೆದಿದ್ದರು. ಹಳ್ಳಿಶಾಲೆ, ಔಷಧಾಲಯ, ಸಹಕಾರ ಸಂಘ, ಮುದ್ರಣಾಲಯ ಎಲ್ಲವೂ ಈ ಹೋರಾಟದ ಭಾಗವಾಗಿ ಹುಟ್ಟಿಕೊಂಡವು.

ಬಡವರೆಂಬ ಕಾರಣಕ್ಕೆ ಅವರಿಂದ ಏನನ್ನೂ ಕೇಳಬಾರದು ಎಂಬ ವಾದವನ್ನು ಅವರು ಒಪ್ಪಲಿಲ್ಲ. ಪಡೆಯುವುದಷ್ಟೇ ಗೊತ್ತಿದ್ದವನಿಗೆ ತಲೆಯೆತ್ತಿ ನಿಲ್ಲಲು ಬಾರದು ಎಂಬುದು ಅವರ ನಂಬಿಕೆಯಾಗಿತ್ತು. ಅಡುಗೆಗೆ ಅಕ್ಕಿ ಹಾಕುವ ಮೊದಲು ಹೆಂಗಸರು ಒಂದು ಹಿಡಿಯನ್ನು ದೇವರ ಪಾಲೆಂದು ತೆಗೆದಿಡುವ ರೂಢಿಗೆ ಅವರು ಬೆಂಬಲವಾದರು. ಹಿಡಿ ಹಿಡಿ ಅಕ್ಕಿ ಸೇರಿ ಹಳ್ಳಿಯ ಉಪದೇಶಕನ ಜೀವನಕ್ಕೆ ಆಧಾರವಾಗುತ್ತಿತ್ತು. ಕ್ರೈಸ್ತರ ದಾನದ ಕುರಿತು ಅವರು ಬರೆದ ಪುಸ್ತಕವೂ ಈ ಅನುಭವದ ಫಲ.

ಫಲಿತಾಂಶ ಅಂಕಿಗಳಲ್ಲಿಯೂ ಕಾಣುತ್ತದೆ. 1930ರ ದಶಕದ ಮಧ್ಯದ ವೇಳೆಗೆ ಧರ್ಮಪ್ರಾಂತ್ಯದಲ್ಲಿ ಸುಮಾರು 250 ಭಾರತೀಯ ಪಾದ್ರಿಗಳೂ 2,000ಕ್ಕೂ ಹೆಚ್ಚು ಹಳ್ಳಿಶಿಕ್ಷಕರೂ ಇದ್ದರು. 1941ರಲ್ಲಿ ಅಲ್ಲಿನ ಆಂಗ್ಲಿಕನ್ ಕ್ರೈಸ್ತರ ಸಂಖ್ಯೆ 2 ಲಕ್ಷ 25 ಸಾವಿರ ಮುಟ್ಟಿತ್ತು. ಕೇರಿಯವರ ಬದುಕು ಬದಲಾದುದನ್ನು ಕಂಡು ರೈತಾಪಿ ಜಾತಿಗಳ ಜನರೂ 1930ರ ದಶಕದಲ್ಲಿ ಸಭೆಗೆ ಬರತೊಡಗಿದರು.

ಎಲ್ಲವೂ ಸುಗಮವಾಗಿತ್ತು ಎನ್ನಲಾಗದು. ಮಾಲರಿಗೂ ಮಾದಿಗರಿಗೂ ಇದ್ದ ಹಳೆಯ ಮನಸ್ತಾಪ ಚರ್ಚಿನ ಹೊಸ್ತಿಲಲ್ಲಿ ಕರಗಲಿಲ್ಲ. ಜಾತಿ ಬಿಟ್ಟೆವೆಂದವರ ಮದುವೆ, ಊಟಗಳಲ್ಲಿ ಜಾತಿ ಉಳಿದುಕೊಂಡಿತು. ಇಂಗ್ಲೆಂಡಿನ ಪ್ರಾರ್ಥನಾ ಪುಸ್ತಕ, ಬಿಷಪ್ಪರ ಅಧಿಕಾರದ ಗಾಂಭೀರ್ಯ ಇವನ್ನು ಅಜರಯ್ಯ ಪ್ರೀತಿಯಿಂದ ಉಳಿಸಿಕೊಂಡರು. ಶಿಸ್ತಿನ ವಿಷಯದಲ್ಲಿ ಅವರು ಮನೆಯ ಹಿರಿಯನಂತೆ ಕಟುವಾಗಿದ್ದರು.

ಅವರ ಕಲ್ಪನೆಯ ಸಭೆ ಹೇಗಿರಬೇಕಿತ್ತು ಎಂಬುದನ್ನು ಡೋರ್ನಕಲ್‌ನ ಎಪಿಫನಿ ಕ್ಯಾಥೆಡ್ರಲ್ ತೋರಿಸುತ್ತದೆ. ಕಾಲು ಶತಮಾನ ನಿಧಾನವಾಗಿ ಮೇಲೆದ್ದ ಈ ಕಟ್ಟಡದ ಪ್ರತಿಷ್ಠಾಪನೆ ನಡೆದದ್ದು 1939ರ ಜನವರಿ 6ರಂದು. ಇಂಗ್ಲಿಷ್ ಮಾದರಿಯ ಚೂಪು ಶಿಖರವನ್ನು ಕೈಬಿಟ್ಟು, ಗುಮ್ಮಟ, ಮಿನಾರು ಮತ್ತು ದೇಗುಲದ ಶೈಲಿಯ ಕಂಬಗಳನ್ನು ಒಂದೇ ಸೂರಿನಡಿ ತಂದ ಕಟ್ಟಡವದು. ಈ ಮಣ್ಣಿನ ಎಲ್ಲ ಪರಂಪರೆಗಳೂ ಇಲ್ಲಿಗೆ ಸಲ್ಲುತ್ತವೆ ಎಂಬ ಅವರ ನಿಲುವಿಗೆ ಅದು ಕಲ್ಲಿನ ಸಾಕ್ಷಿ.

ಗಾಂಧೀಜಿಯೊಂದಿಗೆ ಭಿನ್ನಮತ

ಹೆಂಡದ ವಿರೋಧ, ಹಳ್ಳಿಯ ಉದ್ಧಾರ, ಸರಳ ಬದುಕು, ಅಸ್ಪೃಶ್ಯತೆಯ ನಿವಾರಣೆ. ಅಜರಯ್ಯ ಮತ್ತು ಗಾಂಧೀಜಿ ಒಂದೇ ಮಾತಾಡಿದ ವಿಷಯಗಳು ಹಲವು. ರಾಜಕೀಯದಲ್ಲಿಯೂ ಒಂದು ಮುಖ್ಯ ಸಂಗತಿಯಲ್ಲಿ ಇಬ್ಬರ ದಾರಿ ಒಂದೇ ಆಗಿತ್ತು. 1930ರ ದಶಕದ ಆರಂಭದಲ್ಲಿ ಭಾರತೀಯ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ ನೀಡುವ ಪ್ರಸ್ತಾಪ ಬಂದಾಗ ಅಜರಯ್ಯ ಅದನ್ನು ವಿರೋಧಿಸಿದರು. ಸಭೆ ಒಂದು ರಾಜಕೀಯ ಕೋಮಾಗಿ ಮಾರ್ಪಟ್ಟರೆ ನೆರೆಹೊರೆಯವರಿಂದ ದೂರವಾಗುತ್ತದೆ, ಧರ್ಮ ತಲೆಯೆಣಿಕೆಯ ವ್ಯವಹಾರವಾಗುತ್ತದೆ ಎಂಬುದು ಅವರ ಆತಂಕ. ತಮ್ಮವರಿಗೆ ಸಿಗಬಹುದಾಗಿದ್ದ ಸ್ಥಾನಗಳನ್ನು ಬೇಡವೆಂದ ನಾಯಕರು ಆ ದಿನಗಳಲ್ಲಿ ವಿರಳ.

ಮತಾಂತರದ ಪ್ರಶ್ನೆಯಲ್ಲಿ ಮಾತ್ರ ಇಬ್ಬರೂ ಎದುರುಬದುರಾದರು. 1935ರ ಅಕ್ಟೋಬರಿನಲ್ಲಿ ಯೇವಲಾದಲ್ಲಿ ಡಾ. ಅಂಬೇಡ್ಕರ್ ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದ ಬಳಿಕ ದಲಿತರ ಮುಂದಿನ ದಾರಿ ರಾಷ್ಟ್ರೀಯ ಚರ್ಚೆಯ ವಿಷಯವಾಯಿತು. ದಲಿತರ ಸಾಮೂಹಿಕ ಮತಾಂತರವನ್ನು ಗಾಂಧೀಜಿ ತಮ್ಮ ಹರಿಜನ ಪತ್ರಿಕೆಯಲ್ಲಿ ಕಟುವಾಗಿ ಟೀಕಿಸಿದರು. ಸೇವೆಯ ಬೆನ್ನಿಗೆ ಮತಾಂತರದ ಉದ್ದೇಶವಿದ್ದರೆ ಅದು ಸೇವೆಯಲ್ಲ, ವ್ಯಾಪಾರ ಎಂಬುದು ಅವರ ವಾದದ ಸಾರ. ಹಿಂದೂ ಸಮಾಜ ತನ್ನ ಪಾಪವನ್ನು ತಾನೇ ತೊಳೆದುಕೊಳ್ಳಬೇಕೆಂಬುದು ಅವರ ಹಂಬಲವಾಗಿತ್ತು.

ಅಜರಯ್ಯನವರಿಗೆ ಧರ್ಮಪ್ರಚಾರ ಬಿಡಬಹುದಾದ ಹೆಚ್ಚುವರಿ ಕೆಲಸವಾಗಿರಲಿಲ್ಲ. ಅದು ಕ್ರೈಸ್ತ ನಂಬಿಕೆಯ ಅಂಗವೇ ಆಗಿತ್ತು. ಕೇರಿಯ ಮನುಷ್ಯ ಅನ್ನಕ್ಕಾಗಿ ಮಾತ್ರ ಧರ್ಮ ಬದಲಿಸುತ್ತಾನೆ ಎಂಬ ಮಾತನ್ನು ಅವರ ಅನುಭವ ಒಪ್ಪುತ್ತಿರಲಿಲ್ಲ. ಮರ್ಯಾದೆಯ ಹಸಿವು ಮತ್ತು ದೇವರ ಹಸಿವು ಒಂದೇ ಎದೆಯಲ್ಲಿ ಇರಬಲ್ಲವು ಎಂಬುದನ್ನು ಅವರು ಹಳ್ಳಿಗಳಲ್ಲಿ ಕಂಡಿದ್ದರು. ಈ ವಿಷಯದಲ್ಲಿ ಭಾರತೀಯ ಕ್ರೈಸ್ತ ಮುಖಂಡರೆಲ್ಲರೂ ಅವರ ಹಿಂದೆ ನಿಲ್ಲಲಿಲ್ಲ. ಕಾಂಗ್ರೆಸ್ಸಿಗೆ ಹತ್ತಿರವಾಗಿದ್ದ ಕೆಲವರು ಬಹಿರಂಗವಾಗಿಯೇ ಭಿನ್ನ ನಿಲುವು ತಳೆದರು. ಸ್ವದೇಶಿ ಮಿಷನ್ ಕಟ್ಟಿದ, ಬಿಳಿಯರ ದರ್ಪವನ್ನು ಅವರ ನೆಲದಲ್ಲೇ ನಿಂತು ಟೀಕಿಸಿದ ಮನುಷ್ಯ ಈಗ ರಾಷ್ಟ್ರೀಯವಾದಿಗಳ ಕಣ್ಣಿನಲ್ಲಿ ಅನುಮಾನಾಸ್ಪದನಾದ. ಎರಡೂ ಕಡೆಯವರು ಎತ್ತಿದ ಪ್ರಶ್ನೆಗಳು ಇಂದಿಗೂ ಬಗೆಹರಿದಿಲ್ಲ.

ಒಂದೇ ಸಭೆಯ ಕನಸು

ಹಳ್ಳಿಯ ಕೇರಿಗೆ ಬಂದು ನೀವು ಆಂಗ್ಲಿಕನ್, ನೀವು ಮೆಥಡಿಸ್ಟ್, ನೀವು ಬ್ಯಾಪ್ಟಿಸ್ಟ್ ಎಂದು ಹಂಚುವುದು ಅಜರಯ್ಯನವರಿಗೆ ಅಸಂಬದ್ಧವಾಗಿ ಕಂಡಿತು. ಜಾತಿಯ ಗೋಡೆ ದಾಟಿ ಬಂದವರನ್ನು ಮತ್ತೊಂದು ಗೋಡೆಯೊಳಗೆ ಕೂಡಿಹಾಕಿದಂತಾಗುತ್ತಿತ್ತು ಅದು. ಯೂರೋಪಿನಲ್ಲಿ ಈ ವಿಭಜನೆಗಳನ್ನು ಸಹಿಸಬಹುದೇನೋ, ಭಾರತದಲ್ಲಿ ಅವು ಪಾಪವೇ ಸರಿ ಎಂಬ ಅರ್ಥದ ಮಾತನ್ನು ಅವರು ಅಂತರರಾಷ್ಟ್ರೀಯ ವೇದಿಕೆಗಳಲ್ಲಿ ಮತ್ತೆ ಮತ್ತೆ ಆಡಿದರು. ಅಂಬೇಡ್ಕರ್ ಅವರು ತಮ್ಮ ಜನ ಕ್ರೈಸ್ತರಾದರೆ ಯಾವ ಸಭೆಗೆ ಸೇರಬೇಕು, ಅಲ್ಲಿಯೂ ಚದುರಿಹೋಗಬೇಕೇ ಎಂದು ಕೇಳಿದಾಗ ಅಜರಯ್ಯನವರ ಬಳಿ ಉತ್ತರವಿರಲಿಲ್ಲ ಎಂಬ ಪ್ರಸಂಗ ಚರ್ಚ್ ವಲಯದಲ್ಲಿ ಪ್ರಚಲಿತವಾಗಿದೆ.

1919ರ ಮೇ 1 ಮತ್ತು 2ರಂದು ತರಂಗಂಬಾಡಿಯಲ್ಲಿ ಆಂಗ್ಲಿಕನ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಯ ಪಾದ್ರಿಗಳು ಸೇರಿದರು. ಬಂದವರಲ್ಲಿ ಬಹುತೇಕರು ಭಾರತೀಯರು; ಅಜರಯ್ಯ ಅವರ ಮುಂದಾಳು. ಒಂದೇ ಸಭೆಯಾಗೋಣ ಎಂಬ ಹೇಳಿಕೆ ಅಲ್ಲಿಂದ ಹೊರಬಿತ್ತು. ಮರುವರ್ಷ ಮಾತುಕತೆ ಆರಂಭವಾಯಿತು, ಬಳಿಕ ಮೆಥಡಿಸ್ಟರೂ ಸೇರಿಕೊಂಡರು.

ಮಾತುಕತೆ ಎಳೆದದ್ದು ಮುಖ್ಯವಾಗಿ ಬಿಷಪ್ ಪದವಿಯ ಸುತ್ತ. ಬಿಷಪ್ಪರ ಕೈಯಿಂದ ದೀಕ್ಷೆ ಪಡೆಯದ ಪಾದ್ರಿಯನ್ನು ಪಾದ್ರಿಯೆಂದು ಒಪ್ಪಲು ಆಂಗ್ಲಿಕನ್ನರಿಗೆ ಕಷ್ಟ. ಮತ್ತೊಮ್ಮೆ ದೀಕ್ಷೆ ಪಡೆದು ತಮ್ಮ ಹಿಂದಿನ ಸೇವೆಯನ್ನೆಲ್ಲ ಸುಳ್ಳಾಗಿಸಿಕೊಳ್ಳಲು ಉಳಿದವರಿಗೆ ಮನಸ್ಸಿಲ್ಲ. ಈಗಿರುವ ಪಾದ್ರಿಗಳನ್ನು ಹಾಗೆಯೇ ಸ್ವೀಕರಿಸುವುದು, ಮುಂದಿನ ದೀಕ್ಷೆಗಳನ್ನೆಲ್ಲ ಬಿಷಪ್ಪರೇ ನೀಡುವುದು ಎಂಬ ರಾಜಿಸೂತ್ರ ರೂಪುಗೊಂಡಿತು. ಇದನ್ನು ಇಂಗ್ಲೆಂಡಿನ ಸಂಪ್ರದಾಯನಿಷ್ಠರು ತೀವ್ರವಾಗಿ ವಿರೋಧಿಸಿದರು. 1927ರ ಲೊಸಾನ್ ಸಮ್ಮೇಳನ, 1930ರ ಲ್ಯಾಂಬೆತ್ ಬಿಷಪ್ಪರ ಸಮ್ಮೇಳನ, 1937ರ ಎಡಿನ್‌ಬರೋ ಸಮ್ಮೇಳನಗಳಲ್ಲಿ ಅಜರಯ್ಯ ಇದಕ್ಕಾಗಿ ವಾದಿಸಿದರು. 1929ರಿಂದ ಕೊನೆಯವರೆಗೂ ಭಾರತ, ಬರ್ಮಾ ಮತ್ತು ಸಿಲೋನ್‌ಗಳ ರಾಷ್ಟ್ರೀಯ ಕ್ರೈಸ್ತ ಪರಿಷತ್ತಿನ ಅಧ್ಯಕ್ಷರಾಗಿಯೂ ಸಭೆಗಳನ್ನು ಹತ್ತಿರ ತರುವ ಕೆಲಸ ನಡೆಸಿದರು.

ಮೆಥಡಿಸ್ಟರು 1943ರಲ್ಲಿ ಒಪ್ಪಿಗೆ ಕೊಟ್ಟರು. ಆಂಗ್ಲಿಕನ್ನರ ನಿರ್ಣಾಯಕ ಮತದಾನ 1945ರ ಜನವರಿಗೆ ನಿಗದಿಯಾಗಿತ್ತು. ಆ ತಿಂಗಳ ಮೊದಲ ದಿನವೇ, ಹಳ್ಳಿಗಳ ಪ್ರವಾಸ ಮುಗಿಸಿ ಬಂದು ಜ್ವರದಿಂದ ಮಲಗಿದ್ದ ಅಜರಯ್ಯ ಡೋರ್ನಕಲ್‌ನಲ್ಲಿ ಕೊನೆಯುಸಿರೆಳೆದರು. ಅವರಿಗೆ ಎಪ್ಪತ್ತು ವರ್ಷವಾಗಿತ್ತು. ಕೆಲವೇ ದಿನಗಳಲ್ಲಿ ಆಂಗ್ಲಿಕನ್ ಮಹಾಸಭೆ ಐಕ್ಯಕ್ಕೆ ಸಮ್ಮತಿ ನೀಡಿತು. ಇಪ್ಪತ್ತಾರು ವರ್ಷ ಕಾದ ಮನುಷ್ಯ ಅದನ್ನು ಕೇಳಿಸಿಕೊಳ್ಳಲು ಉಳಿಯಲಿಲ್ಲ.

ಉಳಿದದ್ದು ಏನು?

1947ರ ಸೆಪ್ಟೆಂಬರ್ 27ರಂದು, ದೇಶ ಸ್ವತಂತ್ರವಾಗಿ ಆರು ವಾರಗಳ ಬಳಿಕ, ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಉದ್ಘಾಟನೆಗೊಂಡಿತು. ಬಿಷಪ್ಪರಿರುವ ಸಭೆ ಮತ್ತು ಬಿಷಪ್ಪರಿಲ್ಲದ ಸಭೆಗಳು ಹೀಗೆ ಒಂದಾದದ್ದು ಪ್ರಪಂಚದಲ್ಲಿ ಅದೇ ಮೊದಲು. ಆರಂಭದ 14 ಧರ್ಮಪ್ರಾಂತ್ಯಗಳಲ್ಲಿ ಮೈಸೂರು ಕೂಡ ಒಂದು. ಪಿ. ಗುರುಶಾಂತ ಅದರ ಮೊದಲ ಬಿಷಪ್ ಆದರು. ಮುಂದೆ ಇದೇ ಸಭೆಯ ಕರ್ನಾಟಕ ಶಾಖೆ ಮಧ್ಯ, ದಕ್ಷಿಣ ಮತ್ತು ಉತ್ತರ ಧರ್ಮಪ್ರಾಂತ್ಯಗಳಾಗಿ ಬೆಂಗಳೂರು, ಮಂಗಳೂರು, ಧಾರವಾಡಗಳನ್ನು ಕೇಂದ್ರ ಮಾಡಿಕೊಂಡಿತು. ಭಾರತೀಯ ಬಿಷಪ್ ಎಂಬುದು ಈಗ ಯಾರೂ ತಿರುಗಿ ನೋಡುವ ಸುದ್ದಿಯಲ್ಲ. ಒಂದು ಅನುಮಾನಕ್ಕೆ ಉತ್ತರ ಸಿಕ್ಕಿತು.

ಎರಡನೆಯದು ಅಷ್ಟು ಸುಲಭವಾಗಿ ತೀರಲಿಲ್ಲ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಳ್ಳಲಾಯಿತು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಅಜರಯ್ಯ ಸುತ್ತಿದ ಕೇರಿಗಳ ಮೊಮ್ಮಕ್ಕಳಿಗೆ ಇದು ಗ್ರಂಥಗಳ ಚರ್ಚೆಯಲ್ಲ, ಶಾಲೆ ಮತ್ತು ನೌಕರಿಯ ಪ್ರಶ್ನೆ. ಸಭೆಯ ಒಳಗೆ ಜಾತಿ ಉಳಿದಿದೆಯೆಂಬ ದೂರು ಕೂಡ ಅಷ್ಟೇ ಹಳೆಯದು, ಅಷ್ಟೇ ಹಸಿಯಾದುದು.

ಇಂಗ್ಲೆಂಡಿನ ಸಭೆ ಪ್ರತಿವರ್ಷ ಜನವರಿ 2ರಂದು ತನ್ನ ಪಂಚಾಂಗದಲ್ಲಿ ಅಜರಯ್ಯನವರನ್ನು ಸ್ಮರಿಸುತ್ತದೆ. 1910ರಲ್ಲಿ ಅವರ ಮಾತಿಗೆ ಮುಖ ಸಿಂಡರಿಸಿದವರ ವಾರಸುದಾರರೇ ಇಂದು ಅವರಿಗಾಗಿ ಪ್ರಾರ್ಥನೆ ಸಲ್ಲಿಸುತ್ತಾರೆ. ಅವರು ಅಂದು ಬೇಡಿದ್ದು ಸ್ಮರಣೆಯನ್ನಲ್ಲ, ಒಂದೇ ಪಂಕ್ತಿಯ ಊಟವನ್ನು. ಆ ಬೇಡಿಕೆ ಬಿಳಿಯರಿಗಷ್ಟೇ ಸಲ್ಲಿಸಿದ್ದೆಂದು ಅವರ ನಾಡಿನವರು ಸಮಾಧಾನಪಟ್ಟುಕೊಳ್ಳುವಂತಿಲ್ಲ.